ಮೆತ್ತನೆಯ ಸಾಣೆ: ಮಲೆನಾಡಿನ ವರ್ಕ್‌ಶಾಪಿಗೆ ಯಾವ ಹದ?

ಶಿವಮೊಗ್ಗದ ಹತ್ತಿರದ ಮಾಚೇನಹಳ್ಳಿಯ ಒಂದು ಸಣ್ಣ ಮೆಷಿನ್ ಶಾಪು. ಮೂಲೆಯಲ್ಲಿ ಒಂದು ಮೇಜು, ಮೇಲೆ ಟ್ಯೂಬ್‌ಲೈಟು. ಅಲ್ಲಿ ಕೂತ ಹುಡುಗ ಬೆಳಗ್ಗೆ ಅರ ಹಿಡಿದರೆ ಸಂಜೆವರೆಗೂ ಅದೇ ಕೆಲಸ. ವಾಲ್ವ್ ಬಾಡಿ ಎತ್ತು, ಟಾರ್ಚ್ ಬಿಟ್ಟು ತೂತಿನೊಳಗೆ ನೋಡು, ಬರ್ ಇದ್ದಲ್ಲಿ ಕೆರೆ, ಗಾಳಿ ಹೊಡಿ, ಮತ್ತೆ ನೋಡು. ಪಕ್ಕದಲ್ಲಿ ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕತ್ತರಿಸುವ, ಲಕ್ಷಗಟ್ಟಲೆ ಬೆಲೆಯ ಸಿಎನ್‌ಸಿ ಮೆಷಿನ್ ಕೆಲವೇ ನಿಮಿಷಕ್ಕೆ ಒಂದು ಜಾಬ್, ಅಂದರೆ ಒಂದು ಬಿಡಿಭಾಗ, ಮುಗಿಸಿ ಕೊಡುತ್ತದೆ. ಆ ಜಾಬುಗಳೆಲ್ಲ ಈ ಮೇಜಿಗೆ ಬಂದು ರಾಶಿ ಬೀಳುತ್ತವೆ. ಶಿವಮೊಗ್ಗ, ಭದ್ರಾವತಿ ಕಡೆಯ ಎಷ್ಟೋ ಶಾಪುಗಳಲ್ಲಿ ಕೆಲಸ ನಿಧಾನವಾಗುವುದು ಮೆಷಿನ್‌ನಿಂದ ಅಲ್ಲ, ಈ ಮೇಜಿನಿಂದ.

ಬರ್ ಅಂದರೆ ಲೋಹದ ಸಿಬಿರು. ಹಲಗೆಗೆ ತೂತು ಕೊರೆದಾಗ ಆಚೆ ಬದಿಯಲ್ಲಿ ಸಿಬಿರು ಏಳುತ್ತದಲ್ಲ, ಉಕ್ಕಿನಲ್ಲೂ ಹಾಗೇ ಏಳುತ್ತದೆ. ಹೊರಗಡೆ ಇದ್ದರೆ ಅರದಲ್ಲಿ ಒಂದು ಸಲ ಎಳೆದರೆ ಮುಗಿಯಿತು. ಕಷ್ಟ ಇರುವುದು ಒಳಗಡೆ. ಹೈಡ್ರಾಲಿಕ್ ವಾಲ್ವ್ ಬಾಡಿಯಲ್ಲಿ, ಅಂದರೆ ಒತ್ತಡದ ಎಣ್ಣೆಯನ್ನು ಬಿಡುವ, ತಡೆಯುವ ವಾಲ್ವಿನ ಲೋಹದ ಮೈಯಲ್ಲಿ, ಎಣ್ಣೆ ಓಡಾಡುವ ತೂತುಗಳು ಒಂದಕ್ಕೊಂದು ಅಡ್ಡ ಕೂಡುತ್ತವೆ. ಆ ಕೂಡುವ ಜಾಗದಲ್ಲಿ, ಬೆರಳೂ ಹೋಗದ ಕತ್ತಲಲ್ಲಿ, ಬರ್ ನಿಂತಿರುತ್ತದೆ. ವಾಲ್ವಿನೊಳಗೆ ಹಿಂದೆ ಮುಂದೆ ಸರಿಯುವ ಸ್ಪೂಲಿಗೂ ಅದರ ಗೂಡಿಗೂ ನಡುವಿನ ಸಂದು ಕೆಲವೇ ಮೈಕ್ರಾನ್. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ. ಅಂದಮೇಲೆ ಕಳಚಿ ಬಿದ್ದ ಒಂದು ಸಿಬಿರು ಅಲ್ಲಿ ಏನು ಮಾಡಬಲ್ಲದು ಅಂತ ಬೇರೆ ಹೇಳಬೇಕಿಲ್ಲ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಶಾಪಿಗೆ ಹೀಗೇ ಒಂದು ಲಾಟ್ ವಾಪಸ್ ಬಂತು. ಅಳತೆಯೆಲ್ಲ ಸರಿ ಇತ್ತು. ಗೇಜಿನಲ್ಲೂ ಪಾಸಾಗಿತ್ತು. ಆದರೆ ಗಿರಾಕಿಯ ಟೆಸ್ಟ್ ಬೆಂಚಿನ ಮೇಲೆ ಸ್ಪೂಲ್ ಕಚ್ಚಿಕೊಂಡಿತ್ತು. ಬಿಚ್ಚಿ ನೋಡಿದರೆ ಉಗುರಿನ ಚೂರಿನಷ್ಟೂ ಇಲ್ಲದ ಒಂದು ಬರ್. ತಪ್ಪು ನಮ್ಮದೇ. ಮೂರು ರಾತ್ರಿ ಕೂತು ಎಲ್ಲವನ್ನೂ ಮತ್ತೆ ಕೆರೆದೆವು. ಜೊತೆಗಿದ್ದ ಹಿರಿಯ ಫಿಟ್ಟರ್ ಭದ್ರಾವತಿಯವರು. ಎರಡನೇ ರಾತ್ರಿ ಅವರು ಅರ ಕೆಳಗಿಟ್ಟು, “ಅಲ್ಲ ಮಾರಾಯಾ, ಇದು ಕೈ ಹೋಗೋ ಜಾಗ ಅಲ್ಲ. ತೂತು ಹೆಂಗಿದೆಯೋ ಹಂಗೆ ಬಗ್ಗೋ ಸಾಣೆ ಬೇಕು ಇದಕ್ಕೆ” ಅಂದರು.

ಅಂಥ ಸಾಣೆ ಇದೆ. ಆ ವಿದ್ಯೆಗೆ ಅಬ್ರೇಸಿವ್ ಫ್ಲೋ ಮೆಷಿನಿಂಗ್ ಅಂತ ಹೆಸರು. ಅಮೆರಿಕದಲ್ಲಿ 1960ರ ದಶಕದಲ್ಲಿ ಶುರುವಾಗಿ, 1970ರಲ್ಲಿ ಪೇಟೆಂಟ್ ಪಡೆದದ್ದು. ಶ್ಯಾವಿಗೆ ಒರಳು ಒತ್ತಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಮೇಲೊಂದು, ಕೆಳಗೊಂದು ಸಿಲಿಂಡರ್. ನಡುವೆ ಫಿಕ್ಸ್ಚರಿನಲ್ಲಿ, ಅಂದರೆ ಹಿಡಿದಿಡುವ ಚೌಕಟ್ಟಿನಲ್ಲಿ, ಬಿಗಿದ ಜಾಬ್. ಒಂದು ಸಿಲಿಂಡರಿನಲ್ಲಿ ಕಣಕದಂಥ ಪಾಲಿಮರ್ ಮುದ್ದೆ, ಅದರೊಳಗೆ ಕಲಸಿದ ಸಾಣೆಪುಡಿ. ಪಿಸ್ಟನ್ ಒತ್ತಿದಾಗ ಮುದ್ದೆ ಜಾಬಿನ ತೂತುಗಳೊಳಗೆ ನುಗ್ಗಿ ಆಚೆ ಸಿಲಿಂಡರಿಗೆ ಹೋಗುತ್ತದೆ. ಅಲ್ಲಿಂದ ಮತ್ತೆ ಈಚೆಗೆ. ಹೀಗೆ ಹೋಗಿ ಬಂದು ಮಾಡುವಾಗ ಒಳಗೋಡೆಯ ಒರಟು ಸವೆಯುತ್ತದೆ, ಬರ್ ಹೋಗುತ್ತದೆ, ಚೂಪು ಅಂಚು ದುಂಡಾಗುತ್ತದೆ. ಒತ್ತಡ 7 ಬಾರ್‌ನಿಂದ 220 ಬಾರ್‌ವರೆಗೂ ಇರಬಹುದು. ಲಾರಿ ಟೈರಿನಲ್ಲಿರುವುದು ಸುಮಾರು 8 ಬಾರ್, ಹೋಲಿಸಿ ನೋಡಿ. ಮುದ್ದೆ ಚೆನ್ನಾಗಿ ಹೊಂದಿದರೆ ಒಳಗಿನ ಒರಟುತನ ಮೊದಲಿದ್ದದ್ದರ ಹತ್ತನೇ ಒಂದು ಭಾಗಕ್ಕೂ ಇಳಿಯುತ್ತದೆ. ಹೆಚ್ಚಿನ ಕೆಲಸ ಮೊದಲ ಕೆಲವು ಸುತ್ತಿನಲ್ಲೇ ಆಗಿಬಿಡುತ್ತದೆ. ಆಮೇಲೆ ಎಷ್ಟು ತಿಕ್ಕಿದರೂ ಸಿಗುವುದು ಸ್ವಲ್ಪವೇ.

ಈ ಯಂತ್ರ ನೋಡಿದ ನಮ್ಮವರು ಮೊದಲು ಕೇಳುವ ಪ್ರಶ್ನೆ ಯಂತ್ರದ ಬೆಲೆ ಎಷ್ಟು ಅಂತ. ನನಗೆ ಅದು ಎರಡನೇ ಪ್ರಶ್ನೆ. ಎರಡು ಹೈಡ್ರಾಲಿಕ್ ಸಿಲಿಂಡರ್, ಒಂದು ಪವರ್ ಪ್ಯಾಕ್, ಒಂದು ಗಟ್ಟಿ ಫ್ರೇಮು. ಇಷ್ಟನ್ನು ಕಟ್ಟುವ ಕೈ ಶಿವಮೊಗ್ಗದಲ್ಲೇ ಇದೆ. ಭದ್ರಾವತಿಯ ಕುಲುಮೆಯಲ್ಲಿ 1923ರಲ್ಲೇ ಕಬ್ಬಿಣ ಹರಿದ ಸೀಮೆ ಇದು. ಫೌಂಡ್ರಿ, ಲೇತು, ಹೈಡ್ರಾಲಿಕ್ಸ್ ಇಲ್ಲಿ ಮೂರು ತಲೆಮಾರಿಗೆ ಗೊತ್ತು. ಗೊತ್ತಿಲ್ಲದ್ದು ಮುದ್ದೆಯ ಹದ. ಅದನ್ನು ಹೊರಗಿನಿಂದ ಡಬ್ಬಿ ಲೆಕ್ಕದಲ್ಲಿ ದುಬಾರಿ ಬೆಲೆಗೆ ತರಿಸಬೇಕು. ಅದರಲ್ಲಿ ಏನಿದೆ ಅಂತ ಮಾರುವವರು ಹೇಳುವುದಿಲ್ಲ. ಕೆಟ್ಟರೆ ಸರಿಮಾಡಲೂ ಬರುವುದಿಲ್ಲ. ಯಂತ್ರ ನಮ್ಮದಾಗಿ ಮುದ್ದೆ ಇನ್ನೊಬ್ಬರದಾದರೆ, ಗಿರಣಿ ನಮ್ಮದು ಅಕ್ಕಿ ಸಾಲದ್ದು ಅನ್ನುವ ಹಾಗೆ.

ಹಾಗಾದರೆ ಆ ಮುದ್ದೆ ಏನು? ಅದರ ಹತ್ತಿರದ ಸಂಬಂಧಿ ಒಂದು ಆಟಿಕೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕಕ್ಕೆ ರಬ್ಬರ್ ಸಿಗುವುದು ಕಷ್ಟವಾಗಿತ್ತು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಜೇಮ್ಸ್ ರೈಟ್ ಅದಕ್ಕೆ ಬದಲಿ ಹುಡುಕುತ್ತಾ 1943ರಲ್ಲಿ ಸಿಲಿಕೋನ್ ಎಣ್ಣೆಗೆ ಬೋರಿಕ್ ಆಸಿಡ್ ಬೆರೆಸಿದರು. ಸಿಕ್ಕಿದ್ದು ವಿಚಿತ್ರ ವಸ್ತು. ನೆಲಕ್ಕೆ ಹೊಡೆದರೆ ಚೆಂಡಿನ ಹಾಗೆ ಪುಟಿಯುತ್ತದೆ. ಮೇಜಿನ ಮೇಲೆ ಸುಮ್ನೆ ಬಿಟ್ಟರೆ ಜೋನಿಬೆಲ್ಲದ ಹಾಗೆ ಹರಡುತ್ತದೆ. ಫಟ್ಟನೆ ಎಳೆದರೆ ತುಂಡಾಗುತ್ತದೆ, ಮೆಲ್ಲಗೆ ಎಳೆದರೆ ದಾರವಾಗುತ್ತದೆ. ಟೈರಿಗೆ ಅದು ಬರಲಿಲ್ಲ. 1950ರಲ್ಲಿ ಸಿಲ್ಲಿ ಪುಟ್ಟಿ ಅಂತ ಹೆಸರಿಟ್ಟು ಪ್ಲಾಸ್ಟಿಕ್ ಮೊಟ್ಟೆಯಲ್ಲಿ ಹಾಕಿ ಮಕ್ಕಳಿಗೆ ಮಾರಿದರು. ಇದೇ ಜಾತಿಯ ಪಾಲಿಮರಿಗೆ ಪಾಲಿಬೋರೋಸಿಲೋಕ್ಸೇನ್ ಅಂತ ಹೆಸರು. ಸಾಣೆಪುಡಿ ಹೊರುವ ಕೆಲಸಕ್ಕೆ ಇವತ್ತಿಗೂ ಹೆಚ್ಚು ಬಳಕೆಯಲ್ಲಿರುವುದು ಇದು.

ಇದರ ಗುಟ್ಟು ಬೋರಾನ್‌ನಲ್ಲಿದೆ. ಸಾಗರದ ಮಾರಿಜಾತ್ರೆಯ ನೂಕುನುಗ್ಗಲಲ್ಲಿ ಕೈ ಕೈ ಹಿಡಿದು ಹೋಗುವ ಮನೆಮಂದಿಯನ್ನು ನೆನೆಸಿಕೊಳ್ಳಿ. ಜನ ಮೆಲ್ಲಗೆ ಸರಿಯುತ್ತಿದ್ದರೆ ಒಂದು ಕೈ ಬಿಟ್ಟು, ನಡುವೆ ಬಂದವರಿಗೆ ದಾರಿ ಕೊಟ್ಟು, ಮತ್ತೊಂದು ಕೈ ಹಿಡಿಯಬಹುದು. ಹಿಂದಿನಿಂದ ಒಮ್ಮೆಲೇ ನೂಕಿದರೆ? ಕೈ ಬಿಡುವುದಕ್ಕೇ ಹೊತ್ತಿಲ್ಲ, ಇಡೀ ಸಾಲು ಒಂದೇ ಗೋಡೆಯ ಹಾಗೆ ಮುಂದೆ ಹೋಗುತ್ತದೆ. ಸಿಲಿಕೋನಿನ ಉದ್ದ ಸರಪಳಿಗಳ ನಡುವೆ ಬೋರಾನ್ ಹಾಕುವ ಕೊಂಡಿಗಳೂ ಹೀಗೇ, ಬಿಡುತ್ತವೆ, ಹಿಡಿಯುತ್ತವೆ. ಸಿಲಿಂಡರಿನ ಅಗಲ ಜಾಗದಲ್ಲಿ ಮುದ್ದೆ ನಿಧಾನ, ಮೆತ್ತಗೆ. ಕಿರಿದಾದ ತೂತಿಗೆ ಬಂದಾಗ ವೇಗ ಏರುತ್ತದೆ, ಕೊಂಡಿ ಬಿಡಲು ಪುರುಸೊತ್ತಿಲ್ಲ, ಮುದ್ದೆ ಬಿಗಿಯುತ್ತದೆ. ಬಿಗಿದ ಮುದ್ದೆ ಸಾಣೆಯ ಕಣಗಳನ್ನು ಗಟ್ಟಿಯಾಗಿ ಹಿಡಿದು ಗೋಡೆಗೆ ಒತ್ತುತ್ತದೆ. ಅಂದರೆ ಎಲ್ಲಿ ಬೇಕೋ ಅಲ್ಲಿ ಮಾತ್ರ ಅದು ಸಾಣೆ. ಉಳಿದ ಕಡೆ ಬರೀ ಹಿಟ್ಟು. ಈ ಒಂದು ಗುಣ ನನಗೆ ಎಷ್ಟು ಸಲ ಓದಿದರೂ ಖುಷಿ ಕೊಡುತ್ತದೆ.

ಹದ ಬದಲಾದರೆ ಕೆಲಸವೇ ಬದಲಾಗುತ್ತದೆ. ಗಟ್ಟಿ ಮುದ್ದೆ ತೂತಿನ ತುಂಬ ಒಂದೇ ಕಂಬದ ಹಾಗೆ ಸರಿಯುತ್ತದೆ, ಗೋಡೆಯ ಉದ್ದಕ್ಕೂ ಸಮನಾಗಿ ಉಜ್ಜುತ್ತದೆ. ಅಗಲ ದಾರಿಗೆ ಅದು ಒಳ್ಳೆಯದು. ಮೆತ್ತನೆ ಮುದ್ದೆ ಬಾಗಿಲಲ್ಲೇ ತಿರುಗಿ ಅಂಚನ್ನು ಜಾಸ್ತಿ ತಿನ್ನುತ್ತದೆ. ಸಣ್ಣ ತೂತಿಗೆ, ಅಂಚು ದುಂಡು ಮಾಡುವುದಕ್ಕೆ ಅದೇ ಬೇಕು. ಪುಡಿಯ ಲೆಕ್ಕ ಬೇರೆ ಇದೆ. 220 ಮೆಶ್ ಅಂದರೆ ಕಣ ಹೆಚ್ಚುಕಡಿಮೆ ತಲೆಗೂದಲಿನ ದಪ್ಪ. ಮೆಶ್ ಸಂಖ್ಯೆ ಏರಿದಷ್ಟೂ ಪುಡಿ ನುಣುಪು, ನಮ್ಮ ಹಿಟ್ಟಿನ ಜರಡಿಯ ಹಾಗೇ. ಎರಕದ ಕಬ್ಬಿಣಕ್ಕೆ, ಉಕ್ಕಿಗೆ ಸಿಲಿಕಾನ್ ಕಾರ್ಬೈಡ್ ಅಥವಾ ಅಲ್ಯೂಮಿನಾ ಸಾಕು. ಗಟ್ಟಿ ಲೋಹಕ್ಕೆ ಬೋರಾನ್ ಕಾರ್ಬೈಡ್, ವಜ್ರದ ಪುಡಿವರೆಗೂ ಹೋಗುತ್ತಾರೆ. ಪುಡಿ ಜಾಸ್ತಿ ಹಾಕಿದಷ್ಟೂ ಮುದ್ದೆ ಗಟ್ಟಿಯಾಗುತ್ತದೆ. ಆಗ ಸಿಲಿಕೋನ್ ಎಣ್ಣೆಯಂಥದ್ದನ್ನು ಸೇರಿಸಿ ಸಡಿಲ ಮಾಡಬೇಕು. ಒಂದನ್ನು ತಿದ್ದಿದರೆ ಇನ್ನೊಂದು ತಪ್ಪುತ್ತದೆ. ರೊಟ್ಟಿ ಹಿಟ್ಟಿಗೆ ನೀರು ಹೆಚ್ಚಾಯಿತು ಅಂತ ಹಿಟ್ಟು, ಹಿಟ್ಟು ಹೆಚ್ಚಾಯಿತು ಅಂತ ನೀರು ಹಾಕುತ್ತಾ ಹೋದ ಹಾಗೆ.

ಈಗ ಮಳೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಊರಿಗೆ ಇದೇ ಮುಖ್ಯ. ಸಿಲಿಕೋನ್ ಮತ್ತು ಬೋರಿಕ್ ಆಸಿಡ್ಡನ್ನು 150 ಡಿಗ್ರಿಗೂ ಜಾಸ್ತಿ ಬಿಸಿಯಲ್ಲಿ ಗಂಟೆಗಟ್ಟಲೆ ಕಲಕಿದಾಗ ಕೊಂಡಿ ಕೂಡುತ್ತದೆ, ಕೂಡುವಾಗ ನೀರು ಹೊರಬಂದು ಆವಿಯಾಗುತ್ತದೆ. ನೀರು ಬಿಟ್ಟು ಕಟ್ಟಿದ ಕೊಂಡಿ ನೀರು ಬಂದರೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಗಾಳಿಯ ತೇವವೇ ಅದಕ್ಕೆ ಸಾಕು, ನಿಧಾನಕ್ಕೆ ಮುದ್ದೆಯ ಬಿಗಿ ಸಡಿಲುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅಷ್ಟು ಇಲ್ಲ, ಆದರೂ ಆಷಾಢದಲ್ಲಿ ಹಪ್ಪಳ ಡಬ್ಬಿಯೊಳಗೇ ಮೆತ್ತಗಾಗುವ ಊರು ನಮ್ಮದು. ಒಣ ಊರಿನ, ಏಸಿ ಹಾಕಿದ ಶಾಪಿನಲ್ಲಿ ವರ್ಷ ಬಾಳುವ ಮುದ್ದೆ ಇಲ್ಲಿ ತಗಡಿನ ಶೆಡ್ಡಿನಲ್ಲಿ ಅಷ್ಟೇ ಬಾಳುತ್ತದೆ ಅಂತ ನಂಬಿಕೊಂಡು ಕೂರುವ ಹಾಗಿಲ್ಲ. ಬೇಸಿಗೆಯದು ಇನ್ನೊಂದು ಕಾಟ. ಬಿಸಿ ಏರಿದರೆ ಮುದ್ದೆ ತೆಳುವಾಗುತ್ತದೆ. ಉಜ್ಜುವಾಗಲೂ ಬಿಸಿ ಹುಟ್ಟುತ್ತದೆ. ಏಪ್ರಿಲ್ ಮಧ್ಯಾಹ್ನದ ಶೆಡ್ಡಿನಲ್ಲಿ ಹತ್ತನೇ ಜಾಬಿಗೆ ಸಿಕ್ಕಿದ ಫಿನಿಶ್ ಮೂವತ್ತನೇ ಜಾಬಿಗೆ ಸಿಗದಿದ್ದರೆ ಮೆಷಿನ್ ಹುಡುಗನನ್ನು ಬೈಯಬೇಡಿ, ಮುದ್ದೆಯ ಬಿಸಿ ಮುಟ್ಟಿ ನೋಡಿ.

ಸಿಲಿಕೋನ್ ಬಿಟ್ಟು ಬೇರೆ ದಾರಿಯೂ ಇದೆ. ಐಐಟಿ ಕಾನ್ಪುರದಲ್ಲಿ ಬ್ಯೂಟೈಲ್ ಅನ್ನುವ ಕೃತಕ ರಬ್ಬರಿನಿಂದ, ಇನ್ನೂ ಕೆಲವು ರಬ್ಬರುಗಳಿಂದ ಇಂಥ ಮುದ್ದೆ ಮಾಡಿ, ಅದರ ಹರಿವನ್ನು ಅಳೆದು, ಜಾಬಿನ ಮೇಲೆ ಓಡಿಸಿ ನೋಡಿದ್ದಾರೆ. ಕೆಲಸ ಮಾಡುತ್ತದೆ. ರಬ್ಬರಿಗೆ ಗಾಳಿಯ ತೇವದಿಂದ ಆ ಬಗೆಯ ತೊಂದರೆ ಇಲ್ಲ. ಹೊಸನಗರ, ತೀರ್ಥಹಳ್ಳಿ ಕಡೆ ರಬ್ಬರ್ ತೋಟ ಇರುವುದರಿಂದ ನಮ್ಮ ಹುಡುಗರಿಗೆ ಮೊದಲು ಹೊಳೆಯುವುದು ನೈಸರ್ಗಿಕ ರಬ್ಬರು. ಹೊಳೆಯಲಿ, ಮಾಡಿ ನೋಡಲಿ. ಆದರೆ ಒಂದು ತೊಂದರೆ ಮೊದಲೇ ಗೊತ್ತಿರಲಿ. ನೈಸರ್ಗಿಕ ರಬ್ಬರಿಗೂ ಬ್ಯೂಟೈಲಿಗೂ ಖನಿಜ ಎಣ್ಣೆ ಆಗದು, ಉಬ್ಬಿಹೋಗುತ್ತದೆ. ಜಾಬಿನ ಮೇಲೆ ಕಟಿಂಗ್ ಆಯಿಲ್ ಉಳಿದಿದ್ದರೆ ಹದ ಹೋಯಿತು. ನೈಸರ್ಗಿಕ ರಬ್ಬರು ಬಿಸಿಗೆ, ಗಾಳಿಗೆ ಬೇಗ ಹಳತಾಗುತ್ತದೆ ಕೂಡ. ಹಲಸಿನ ಮೇಣ ಕೈಗೆ ಮೆತ್ತಿಕೊಂಡವರಿಗೆ ಇನ್ನೊಂದು ಕಷ್ಟವೂ ಗೊತ್ತಿರುತ್ತದೆ: ಅಂಟುವ ಮುದ್ದೆ ಉಜ್ಜುವುದಕ್ಕಿಂತ ಅದನ್ನು ತೂತಿನಿಂದ ಬಿಡಿಸುವುದೇ ದೊಡ್ಡ ಕೆಲಸ. ಒಳ್ಳೆಯ ಮುದ್ದೆ ತನ್ನನ್ನು ತಾನು ಹಿಡಿದುಕೊಳ್ಳಬೇಕು, ಲೋಹವನ್ನು ಹಿಡಿಯಬಾರದು.

ಗೋರಿಕಾಯಿ ಬೀಜದ ಅಂಟಿನಿಂದ, ಅಂದರೆ ಗ್ವಾರ್ ಗಮ್‌ನಿಂದ ಮಾಡುವ ನೀರಿನ ಮುದ್ದೆಯೂ ಇದೆ. ಅಗ್ಗ, ತೊಳೆಯುವುದು ಸುಲಭ. ಆದರೆ ಒಣಗುತ್ತದೆ, ಬೂಸ್ಟು ಹಿಡಿಯುತ್ತದೆ, ಕಬ್ಬಿಣಕ್ಕೆ ತುಕ್ಕು ತರುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ಕಲಿಯುವುದಕ್ಕೆ ಅದು ತುಂಬ ಒಳ್ಳೆಯದು. ದಿನದ ಉತ್ಪಾದನೆಗೆ ನಾನು ಅದನ್ನು ನೆಚ್ಚುವುದಿಲ್ಲ. ವಾಲ್ವ್ ಬಾಡಿಗೆ ಬೋರಾನ್ ಸಿಲಿಕೋನೇ ಸರಿ, ತೇವದಿಂದ ಕಾಪಾಡುವ ಉಪಾಯ ಹುಡುಕಬೇಕು ಅನ್ನುವುದು ನನ್ನ ಅಭಿಪ್ರಾಯ. ಮುಚ್ಚಿದ ಸಿಲಿಂಡರು, ಗಾಳಿಯಾಡದ ಡಬ್ಬಿ, ಜಾಬನ್ನು ಪೂರ್ತಿ ಒಣಗಿಸಿಯೇ ಬಿಗಿಯುವ ಅಭ್ಯಾಸ. ಇಷ್ಟರಿಂದಲೇ ಅರ್ಧ ಕೆಲಸ ಆಗುತ್ತದೆ.

ಮುದ್ದೆಯಿಂದ ಆಗದ್ದನ್ನೂ ಹೇಳಬೇಕು. ತೂತು ವಾರೆಯಾಗಿದ್ದರೆ ಅದು ನೆಟ್ಟಗೆ ಮಾಡುವುದಿಲ್ಲ. ದುಂಡು ತಪ್ಪಿದ್ದನ್ನು ದುಂಡು ಮಾಡುವುದಿಲ್ಲ. ಆಚೆ ಬಾಯಿ ಇಲ್ಲದ ತೂತಿನಲ್ಲಿ ಅದಕ್ಕೆ ಹರಿಯಲು ದಾರಿಯೇ ಇಲ್ಲ. ಎರಕದ ಗುಳ್ಳೆ ಮುಚ್ಚುವುದಿಲ್ಲ, ಬದಲಿಗೆ ಗುಳ್ಳೆಯೊಳಗೆ ಹೋಗಿ ಕೂರುತ್ತದೆ. ಅಲ್ಯೂಮಿನಿಯಂನಂಥ ಮೆದು ಲೋಹದಲ್ಲಿ ಸಾಣೆಕಣ ನೆಟ್ಟುಕೊಳ್ಳುವ ಭಯವೂ ಇದೆ. ಬರ್ ತೆಗೆಯಲು ಹೋಗಿ ವಾಲ್ವಿನೊಳಗೆ ಒಂದು ಸಾಣೆಕಣ ಬಿಟ್ಟು ಬಂದರೆ ಮೊದಲಿಗಿಂತ ಕೆಟ್ಟದಾಯಿತು. ಹಾಗಾಗಿ ತೊಳೆಯುವ ವ್ಯವಸ್ಥೆ ಇಲ್ಲದೆ ಈ ಕೆಲಸಕ್ಕೆ ಇಳಿಯಲೇಬಾರದು.

ಇನ್ನು ಮುದ್ದೆ ಸುಲಭದ ದಾರಿ ಹಿಡಿಯುತ್ತದೆ. ಅಡಿಕೆ ತೋಟದ ಬಸಿಗಾಲುವೆಯಲ್ಲಿ ನೀರು ಹೋದ ಹಾಗೆ, ಅಗಲ ತೂತು ಸಿಕ್ಕರೆ ಎಲ್ಲ ಅತ್ತಲೇ. ಕಿರಿದು ದಾರಿ ಹಾಗೇ ಉಳಿಯುತ್ತದೆ. ಅದಕ್ಕೇ ಫಿಕ್ಸ್ಚರಿನಲ್ಲಿ ಅಗಲ ಬಾಯಿಗೆ ಅಡ್ಡ ಇಟ್ಟು ಹರಿವನ್ನು ತಿರುಗಿಸಬೇಕು. ಯಾವ ತೂತಿಗೆ ಎಷ್ಟು ಅಡ್ಡ ಇಡಬೇಕು ಅಂತ ಕಂಪ್ಯೂಟರಿನಲ್ಲಿ ಅಂದಾಜು ಮಾಡಬಹುದು. ಆದರೆ ದಿನವೂ ಟಾರ್ಚ್ ಬಿಟ್ಟು ಆ ತೂತುಗಳನ್ನೇ ನೋಡುತ್ತಾ ಕೂತ ಹುಡುಗನಿಗೆ ಬರ್ ಎಲ್ಲಿ ನಿಲ್ಲುತ್ತದೆ ಅಂತ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಈ ವಿದ್ಯೆ ಬಂದರೆ ಅವನ ಕೆಲಸ ಹೋಗುತ್ತದೆ ಅನ್ನುವ ಹೆದರಿಕೆ ಸಹಜ. ಹಾಗಾಗಬಾರದು. ಫಿಕ್ಸ್ಚರ್ ಕೂರಿಸುವುದು, ಹದ ನೋಡುವುದು, ತೊಳೆದ ಮೇಲೆ ಪರೀಕ್ಷಿಸುವುದು ಅವನ ಕೈಗೇ ಬರಬೇಕು. ಇಷ್ಟು ವರ್ಷ ಲೋಹದ ಪುಡಿಯ ನಡುವೆ ಕಣ್ಣು, ಬೆನ್ನು ಸವೆಸಿದವನಿಗೆ ನಾವು ಕೊಡಬೇಕಾದದ್ದು ಅದು.

ಇದಕ್ಕೆ ಈಗೇಕೆ ಆತುರ ಅಂತ ಕೇಳಬಹುದು. ಗಿರಾಕಿಗಳು ಅಳತೆಯ ಜೊತೆಗೆ ಒಳಗಿನ ಶುಚಿಯನ್ನೂ ಕೇಳುತ್ತಿದ್ದಾರೆ. ಜಾಬನ್ನು ತೊಳೆದ ನೀರನ್ನು ಸೋಸಿ, ಸಿಕ್ಕಿದ ಕಣಗಳನ್ನು ಎಣಿಸುವ ಪದ್ಧತಿಯೇ ಬಂದಿದೆ. 2020ರ ಏಪ್ರಿಲ್ 1ರಿಂದ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದ ಮೇಲೆ ಡೀಸೆಲ್ ಇಂಜೆಕ್ಟರಿನ ತೂತುಗಳ ಅಂಚು ಎಷ್ಟು ನುಣುಪು ಅನ್ನುವುದಕ್ಕೂ ಬೆಲೆ ಏರಿದೆ. ಆ ಕೆಲಸಕ್ಕೆ ಇದೇ ತತ್ವದ ತೆಳು ದ್ರವ ಬಳಸುತ್ತಾರೆ. ಲೋಹದ ತ್ರೀಡಿ ಪ್ರಿಂಟಿಂಗ್ ಅಂತೂ ಬಾಗಿದ, ತಿರುಚಿದ ದಾರಿಗಳನ್ನು ಭಾಗದ ಒಳಗೇ ಹುಟ್ಟಿಸುತ್ತದೆ. ಆ ದಾರಿಯ ಗೋಡೆ ಮರಳಿನ ಹಾಗೆ ಒರಟು. ಅಲ್ಲಿ ಯಾವ ಅರವೂ ತಿರುಗದು.

ಹದ ಹುಡುಕುವ ಕೆಲಸವನ್ನು ಒಬ್ಬ ಸಣ್ಣ ಶಾಪಿನ ಮಾಲೀಕ ಒಬ್ಬನೇ ಮಾಡಲಾರ. ಅವನಿಗೆ ಬ್ಯಾಂಕಿನ ಕಂತು ಇದೆ, ಶನಿವಾರದ ಬಟವಾಡೆ ಇದೆ. ಆದರೆ ಮಾಚೇನಹಳ್ಳಿಯ ಹತ್ತು ಶಾಪು ಸೇರಿದರೆ ಆಗುತ್ತದೆ. ಹತ್ತಿರದ ಶಂಕರಘಟ್ಟದಲ್ಲೇ ಕುವೆಂಪು ವಿಶ್ವವಿದ್ಯಾಲಯವಿದೆ, ರಸಾಯನಶಾಸ್ತ್ರ ಕಲಿಸುತ್ತಾರೆ. ಶಿವಮೊಗ್ಗದಲ್ಲೇ 1980ರಿಂದ ಜೆಎನ್‌ಎನ್ ಎಂಜಿನಿಯರಿಂಗ್ ಕಾಲೇಜಿದೆ. ಕೆಮಿಸ್ಟ್ರಿ ಹುಡುಗರು ಮುದ್ದೆ ಬೇಯಿಸಲಿ, ಮೆಕ್ಯಾನಿಕಲ್ ಹುಡುಗರು ಸಿಲಿಂಡರ್ ಕಟ್ಟಲಿ, ಶಾಪಿನವರು ರಿಜೆಕ್ಟ್ ಆದ ಜಾಬ್ ಕೊಡಲಿ. ಎಲ್ಲೋ ನೋಡಿದ ಪ್ರಾಜೆಕ್ಟನ್ನೇ ಮತ್ತೆ ಮಾಡಿ ರಿಪೋರ್ಟ್ ಬೈಂಡ್ ಮಾಡಿಸುವುದಕ್ಕಿಂತ ಇದು ನೂರು ಪಾಲು ಮೇಲು, ಅಲ್ವಾ? ಒಂದೇ ಎಚ್ಚರ: ಬೋರಿಕ್ ಆಸಿಡ್ ಅಂದರೆ ನಾವು ಕೇರಂ ಬೋರ್ಡಿಗೆ ಉದುರಿಸುತ್ತಿದ್ದ ಪುಡಿಯೇ ಆದರೂ, ಹೊಟ್ಟೆಗೆ, ಉಸಿರಿಗೆ ಹೋದರೆ ಒಳ್ಳೆಯದಲ್ಲ. ಗ್ಲೌಸು, ಮಾಸ್ಕು, ಗಾಳಿ ಹೊರಹಾಕುವ ಫ್ಯಾನು ಬೇಕೇ ಬೇಕು. ಗರ್ಭಿಣಿಯರು ಆ ಕೆಲಸದಿಂದ ದೂರ ಇರಬೇಕು. ಹಳತಾಗಿ ಲೋಹದ ಪುಡಿ ತುಂಬಿದ ಮುದ್ದೆಯನ್ನು ಚರಂಡಿಗೆ ಎಸೆಯಲೂಬಾರದು. ಸಿಲಿಕೋನ್ ಕೊಳೆಯುವ ವಸ್ತು ಅಲ್ಲ. ಇಲ್ಲಿನ ಚರಂಡಿ ತುಂಗೆಗೋ ಭದ್ರೆಗೋ ಸೇರುತ್ತದೆ, ಎರಡೂ ಕೂಡಲಿಯಲ್ಲಿ ಒಂದಾಗಿ ಬಯಲುಸೀಮೆಯವರ ಕುಡಿಯುವ ನೀರಾಗುತ್ತವೆ. ಲೈಸೆನ್ಸ್ ಇರುವ ಕಾರ್ಖಾನೆ ತ್ಯಾಜ್ಯದವರಿಗೇ ಅದನ್ನು ಕೊಡಬೇಕು.

ಹರಿವು ಅಳೆಯುವ ರಿಯೋಮೀಟರ್ ದುಬಾರಿ ಯಂತ್ರ. ದೊಡ್ಡ ಲ್ಯಾಬಿಗೆ ಒಂದು ಸಲ ಸ್ಯಾಂಪಲ್ ಕಳಿಸಿ ಅಂಕಿ ತರಿಸಿಕೊಳ್ಳಬಹುದು. ದಿನದ ಲೆಕ್ಕಕ್ಕೆ ಶಾಪಿನಲ್ಲೇ ಎರಡು ಪರೀಕ್ಷೆ ಸಾಕು. ಒಂದು, ದಪ್ಪ ಪೈಪಿನ ತಳಕ್ಕೆ ಗೊತ್ತಿರುವ ಅಳತೆಯ ತೂತು ಹಾಕಿ, ಮೇಲಿಂದ ಗೊತ್ತಿರುವ ತೂಕ ಇಟ್ಟು, 100 ಗ್ರಾಂ ಮುದ್ದೆ ಇಳಿಯಲು ಎಷ್ಟು ಸೆಕೆಂಡು ಬೇಕು ಅಂತ ಬರೆದಿಡುವುದು. ಎರಡು, 50 ಗ್ರಾಂ ಉಂಡೆ ಕಟ್ಟಿ ಗಾಜಿನ ಮೇಲಿಟ್ಟು, ಹತ್ತು ನಿಮಿಷದಲ್ಲಿ ಎಷ್ಟು ಅಗಲ ಹರಡಿತು ಅಂತ ಸ್ಕೇಲಿನಲ್ಲಿ ಅಳೆಯುವುದು. ಪಕ್ಕದಲ್ಲಿ ಆ ಹೊತ್ತಿನ ಬಿಸಿ, ತೇವ ಎರಡನ್ನೂ ಬರೆಯಬೇಕು.

ಈ ಸಲದ ಆಷಾಢಕ್ಕೆ ನಾನು ಪರಿಚಯದ ಎರಡು ಶಾಪಿನವರಿಗೆ ಇಷ್ಟೇ ಕೇಳಿಕೊಂಡಿದ್ದೇನೆ. ಒಂದೇ ಬ್ಯಾಚಿನ ಎರಡು ಉಂಡೆ. ಒಂದು ಗಾಳಿಯಾಡದ ಡಬ್ಬಿಯಲ್ಲಿ, ಒಂದು ಕಿಟಕಿ ಪಕ್ಕ ತೆರೆದ ತಟ್ಟೆಯಲ್ಲಿ. ಪ್ರತಿ ಸೋಮವಾರ ಬೆಳಗ್ಗೆ ಎರಡನ್ನೂ ಗಾಜಿನ ಮೇಲಿಟ್ಟು ಹತ್ತು ನಿಮಿಷ ಕಾಯುವುದು, ಅಗಲ ಬರೆಯುವುದು. ಬರೆಯುವ ಕೆಲಸ ಮೂಲೆಯ ಮೇಜಿನ ಹುಡುಗರದು. ಶ್ರಾವಣ ಕಳೆಯುವ ಹೊತ್ತಿಗೆ ಮಳೆಗಾಲದ ಮೊದಲ ಲೆಕ್ಕ ಅವರ ಪುಸ್ತಕದಲ್ಲಿರುತ್ತದೆ.